ಉಕ್ಕಿನ ಹದ: ಕುಲುಮೆಯಿಂದ ಅಡುಗೆಮನೆಯವರೆಗೆ ಒಂದು ಅಲಗಿನ ಚರಿತ್ರೆ

ಕನ್ನಡದಲ್ಲಿ 'ಹದ' ಎಂಬುದು ಎರಡೇ ಅಕ್ಷರಗಳ ಪದ. ಆದರೆ ಅದರ ವ್ಯಾಪ್ತಿ ಹಿರಿದು. ಮಳೆ ಬಿದ್ದ ನೆಲಕ್ಕೆ ಹದವುಂಟು, ಬೆಲ್ಲದ ಪಾಕಕ್ಕೆ ಹದವುಂಟು, ಕುಂಬಾರನ ಮಣ್ಣಿಗೆ ಹದವುಂಟು, ಕಮ್ಮಾರನ ಉಕ್ಕಿಗೂ ಹದವುಂಟು. ಹದ ತಪ್ಪಿದರೆ ಬೀಜ ಮೊಳೆಯದು, ಪಾಕ ಕೂಡದು, ಮಡಕೆ ಬಿರಿಯುವುದು, ಅಲಗು ಮುರಿಯುವುದು. ಈ ಹದವನ್ನು ಬಲ್ಲವನು ಅದನ್ನು ಪುಸ್ತಕ ಓದಿ ಕಲಿತವನಲ್ಲ. ಹಿರಿಯರ ಪಕ್ಕದಲ್ಲಿ ಕುಳಿತು, ವರ್ಷಗಟ್ಟಲೆ ಅದೇ ಕೆಲಸವನ್ನು ಮಾಡುತ್ತ, ಕಣ್ಣಿಗೂ ಕೈಗೂ ಅದನ್ನು ಕಲಿಸಿಕೊಂಡವನು.

ದಾಸೋಹದ ಅಡುಗೆಮನೆಯಲ್ಲಿ ನಸುಕಿನಲ್ಲಿಯೇ ಕುಂಬಳ, ಬದನೆ, ಸೌತೆಗಳನ್ನು ಹೆಚ್ಚುವ ಕೈಗಳಿಗೆ ತಮ್ಮ ಈಳಿಗೆ, ಚಾಕುಗಳ ಕಡೆಗೆ ಗಮನ ಹರಿಯುವುದು ಅಪರೂಪ. ಅಲಗು ಹರಿತವಾಗಿದ್ದಷ್ಟು ದಿನ ಅದರ ನೆನಪೇ ಇರುವುದಿಲ್ಲ. ಆದರೆ ಒಂದು ಒಳ್ಳೆಯ ಅಲಗಿನ ಹಿಂದೆ ಎರಡು ಸಾವಿರ ವರ್ಷಗಳಿಗೂ ಮೀರಿದ ಒಂದು ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಕನ್ನಡದ ಒಂದು ಪದಕ್ಕೆ ವಿಶೇಷವಾದ ಸ್ಥಾನವಿದೆ. ಅದೇ 'ಉಕ್ಕು'.

ಇಂಗ್ಲಿಷ್ ನಿಘಂಟುಗಳಲ್ಲಿ 'ವೂಟ್ಸ್' ಎಂಬ ಶಬ್ದವೊಂದಿದೆ. ದಕ್ಷಿಣ ಭಾರತದಲ್ಲಿ ಮೂಸೆಯೊಳಗೆ ಕರಗಿಸಿ ಮಾಡುತ್ತಿದ್ದ ಉಕ್ಕಿಗೆ ಇದು ಹೆಸರು. ಕನ್ನಡದ 'ಉಕ್ಕು' ಎಂಬ ಮಾತೇ ಪರದೇಶದವರ ಬಾಯಲ್ಲಿಯೋ ಬರಹದಲ್ಲಿಯೋ ಕೆಟ್ಟು ಹೀಗಾಯಿತೆಂಬುದು ವಿದ್ವಾಂಸರಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ತೆಲುಗಿನಲ್ಲಿಯೂ ಇದೇ ಪದವಿರುವುದನ್ನು ಇಲ್ಲಿ ಸ್ಮರಿಸಬಹುದು. ಪದವು ಕಡಲು ದಾಟಿತು, ಲೋಹವೂ ಕಡಲು ದಾಟಿತು. ಆದರೆ ಹದ ಮಾತ್ರ ದಾಟಲಿಲ್ಲ. ಅದನ್ನು ಮರಳಿ ಕಂಡುಕೊಳ್ಳಲು ಲೋಕಕ್ಕೆ ಸುಮಾರು ಇನ್ನೂರು ವರ್ಷಗಳೇ ಬೇಕಾದವು.

ಮೂಸೆಯಲ್ಲಿ ಹುಟ್ಟಿದ ಲೋಹ

ಕಬ್ಬಿಣಕ್ಕೂ ಉಕ್ಕಿಗೂ ಇರುವ ಮುಖ್ಯ ಅಂತರ ಇಂಗಾಲದ್ದು. ಅದಿರನ್ನು ಇದ್ದಿಲಿನೊಡನೆ ಸಣ್ಣ ಕುಲುಮೆಯಲ್ಲಿ ಕಾಯಿಸಿದರೆ ದೊರೆಯುವ ಕಬ್ಬಿಣ ಮೆದುವಾದುದು. ಅದರಲ್ಲಿ ಕಿಟ್ಟವೂ ಬೆರೆತಿರುತ್ತದೆ. ಅದರಿಂದ ಮಾಡಿದ ಅಲಗು ಬಾಗುತ್ತದೆಯೇ ಹೊರತು ಹರಿತವನ್ನು ಉಳಿಸಿಕೊಳ್ಳುವುದಿಲ್ಲ. ಅದೇ ಕಬ್ಬಿಣದೊಳಗೆ ನೂರಕ್ಕೆ ಒಂದು ಅಥವಾ ಒಂದೂವರೆ ಪಾಲಿನಷ್ಟು ಇಂಗಾಲ ಸೇರಿದರೆ ಅದು ಗಟ್ಟಿಯಾದ ಉಕ್ಕಾಗುತ್ತದೆ. ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಬೇಕು. ಹಳೆಯ ಕಾಲದ ತಿದಿಗೆ ಇದು ಸುಲಭದ ಮಾತಲ್ಲ. ಆದರೆ ಇಂಗಾಲ ಒಳಸೇರಿದಂತೆ ಕರಗುವ ಬಿಸಿ ಇಳಿಯುತ್ತದೆ. ಕರಗಿದಾಗ ಕಿಟ್ಟ ತೇಲಿ ಬೇರ್ಪಡುತ್ತದೆ. ದಕ್ಷಿಣದ ಉಕ್ಕುಗಾರರು ಕಂಡುಕೊಂಡಿದ್ದ ಉಪಾಯ ಇದೇ ಆಗಿತ್ತು.

ಈ ವಿದ್ಯೆಯ ಪ್ರಾಚೀನತೆಗೆ ತಮಿಳುನಾಡಿನ ಕೊಡುಮಣಲ್ ಮೊದಲಾದ ನೆಲೆಗಳು ಸಾಕ್ಷಿಯಾಗಿವೆ. ಕರ್ನಾಟಕದಲ್ಲಿ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಉಕ್ಕು ಮಾಡಿದ ಮೂಸೆಗಳ ಚೂರುಗಳು ದೊರೆತಿದ್ದು, ಪುರಾತನ ಲೋಹವಿದ್ಯೆಯ ಅಭ್ಯಾಸಿಗಳು ಅವನ್ನು ಪರೀಕ್ಷಿಸಿದ್ದಾರೆ. ತೆಲಂಗಾಣದ ಕೋನಸಮುದ್ರಂ ಎಂಬ ಊರಿನ ಉಕ್ಕಿಗಾಗಿ ಪರ್ಷಿಯಾದ ವರ್ತಕರು ಅಲ್ಲಿಯವರೆಗೆ ಬರುತ್ತಿದ್ದರು. 19ನೆಯ ಶತಮಾನದ ಆರಂಭದಲ್ಲಿ ಅಲ್ಲಿಗೆ ಹೋದ ಹೆನ್ರಿ ವಾಯ್ಸಿ ಎಂಬ ಆಂಗ್ಲ ವೈದ್ಯನಿಗೆ ಇಸ್ಫಹಾನಿನಿಂದ ಬಂದಿದ್ದ ಒಬ್ಬ ವರ್ತಕನ ಭೇಟಿಯಾಗಿತ್ತು.

ಮೈಸೂರು ಸೀಮೆಯ ಉಕ್ಕಿನ ಕೆಲಸವನ್ನು ಕಣ್ಣಾರೆ ಕಂಡು ಬರೆದಿಟ್ಟವನು ಫ್ರಾನ್ಸಿಸ್ ಬುಕಾನನ್. ಶ್ರೀರಂಗಪಟ್ಟಣದ ಪತನದ ಮರುವರ್ಷ, ಅಂದರೆ 1800ರಲ್ಲಿ ಆರಂಭವಾದ ಆತನ ಪ್ರವಾಸದ ವೃತ್ತಾಂತ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಇಂದಿನ ತುಮಕೂರು ಜಿಲ್ಲೆಯ ಮಧುಗಿರಿ, ಚನ್ನರಾಯನದುರ್ಗಗಳ ಸುತ್ತಿನ ಕಬ್ಬಿಣ, ಉಕ್ಕುಗಳ ಕೆಲಸದ ವಿವರ ಅದರಲ್ಲಿದೆ. ಮಣ್ಣಿನ ಪುಟ್ಟ ಮೂಸೆ. ಅದರೊಳಗೆ ಒಂದು ತುಂಡು ಕಬ್ಬಿಣ. ಅದರ ಜೊತೆಗೆ ಮೂರು ರೂಪಾಯಿ ತೂಕದಷ್ಟು ತಂಗಡಿ ಗಿಡದ ಕಡ್ಡಿ, ಮೇಲೆ ಒಂದು ಬಳ್ಳಿಯ ಎರಡು ಹಸಿರೆಲೆ. ಮೂಸೆಯ ಬಾಯನ್ನು ಮಣ್ಣಿನಿಂದ ಮುಚ್ಚಿ, ಇದ್ದಿಲಿನ ಬೆಂಕಿಯಲ್ಲಿಟ್ಟು, ತಿದಿಯನ್ನು ಎಡೆಬಿಡದೆ ಊದುವುದು. ತಂಗಡಿಯನ್ನು ಕೆಲವು ಕಡೆ ಆವರಿಕೆ ಎಂದು ಕರೆಯುತ್ತಾರೆ. ಹಳದಿ ಹೂವಿನ ಆ ಗಿಡ ಬಯಲುಸೀಮೆಯ ಬೇಲಿಗಳಲ್ಲಿ ಇಂದಿಗೂ ಬೆಳೆಯುತ್ತದೆ. ಕಬ್ಬಿಣವನ್ನು ಉಕ್ಕಾಗಿಸುವ ಇಂಗಾಲ ಬರುತ್ತಿದ್ದುದು ಆ ಕಡ್ಡಿ ಎಲೆಗಳಿಂದಲೇ.

ಮೂಸೆಯನ್ನು ಒಡೆದಾಗ ಒಳಗಿನಿಂದ ಒಂದು ಬಿಲ್ಲೆ ಹೊರಬರುತ್ತಿತ್ತು. ಹೀಗೆ ದೊರೆತ ಉಕ್ಕು ಕಲ್ಲುಕುಟಿಗರ ಉಳಿಗಳಿಗೆ, ಕತ್ತಿಗಳಿಗೆ, ವಾದ್ಯಗಳ ತಂತಿಗಳಿಗೆ ಬಳಕೆಯಾಗುತ್ತಿತ್ತು. ಚನ್ನಪಟ್ಟಣದಲ್ಲಿ ಎಳೆದ ಉಕ್ಕಿನ ತಂತಿಗಳಿಗೆ ದೂರದ ಊರುಗಳಲ್ಲಿಯೂ ಬೇಡಿಕೆಯಿತ್ತೆಂದು ಬುಕಾನನ್ ತಿಳಿಸುತ್ತಾನೆ. ಶಿಲೆಯನ್ನು ಕಡೆಯುವ ಉಳಿಯೂ, ನಾದವನ್ನು ಹೊರಡಿಸುವ ತಂತಿಯೂ ಒಂದೇ ಲೋಹದಿಂದ ಆಗುತ್ತಿದ್ದವೆಂಬುದು ಗಮನಾರ್ಹ. ಲೋಹ ಒಂದೇ ಆದರೂ ಒಂದೊಂದಕ್ಕೂ ಕೊಡುವ ಹದ ಬೇರೆ.

ಲಂಡನ್ನಿನಲ್ಲಿ ಒಂದು ಪುಟ್ಟ ಚಾಕು

ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು 1794ರಲ್ಲಿ ಈ ಉಕ್ಕಿನ ಕೆಲವು ಬಿಲ್ಲೆಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳುಹಿಸಿದನು. ಅವುಗಳ ಪರೀಕ್ಷೆ ನಡೆಸಿದ ಜಾರ್ಜ್ ಪಿಯರ್ಸನ್ 1795ರಲ್ಲಿ ತನ್ನ ಪ್ರಬಂಧವನ್ನು ಆ ಸಂಸ್ಥೆಯ ಮುಂದೆ ಮಂಡಿಸಿದನು. 'ವೂಟ್ಸ್' ಎಂಬ ಪದ ಇಂಗ್ಲಿಷಿನ ವಿಜ್ಞಾನ ಬರಹದಲ್ಲಿ ಕಾಣಿಸಿಕೊಂಡದ್ದು ಅಲ್ಲಿಯೇ. ಪ್ರತಿಯೊಂದು ಬಿಲ್ಲೆಯೂ ಸುಮಾರು ಐದು ಅಂಗುಲ ಅಗಲ, ಒಂದು ಅಂಗುಲ ದಪ್ಪವಾಗಿದ್ದು, ಎರಡು ಪೌಂಡಿಗಿಂತ ತುಸು ಹೆಚ್ಚು, ಎಂದರೆ ಸುಮಾರು ಒಂದು ಕಿಲೋ ತೂಗುತ್ತಿತ್ತು.

ಆ ಬಿಲ್ಲೆಯ ಒಂದು ತುಂಡನ್ನು ಬಡಿದು ಲೇಖನಿ ಚೂಪು ಮಾಡುವ ಪುಟ್ಟ ಚಾಕನ್ನು ಮಾಡುವ ಕೆಲಸ ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕನ ಪಾಲಿಗೆ ಬಂತು. ಅವನು ಆ ಉಕ್ಕನ್ನು ಕಣ್ಣು ಕೋರೈಸುವಷ್ಟು ಕಾಯಿಸಲಿಲ್ಲ. ಕತ್ತಲೆಯಲ್ಲಿ ನೋಡಿದರೆ ಮಾತ್ರ ಕಾಣುವಷ್ಟು ಮಂದ ಕೆಂಪು ಬಿಸಿಯಲ್ಲಿಯೇ ಬಡಿದನು. ಕೆಲಸ ಬಹಳ ಶ್ರಮದ್ದಾಯಿತು. ಆದರೆ ಮುಗಿದ ಚಾಕಿನ ಬಾಯಿ ಇಂಗ್ಲೆಂಡಿನ ಅತ್ಯುತ್ತಮ ಉಕ್ಕಿನ ಚಾಕಿಗೆ ಸಮನಾಗಿತ್ತು. ಈ ಲೋಹವು ಅನೇಕ ಕೆಲಸಗಳಿಗೆ ತನ್ನ ದೇಶದ ಯಾವ ಉಕ್ಕಿಗಿಂತಲೂ ಮೇಲು, ಶಸ್ತ್ರವೈದ್ಯರ ಉಪಕರಣಗಳಿಗಂತೂ ವಿಶೇಷವಾಗಿ ತಕ್ಕುದು ಎಂದು ಸ್ಟೊಡಾರ್ಟ್ ಅಭಿಪ್ರಾಯಪಟ್ಟನು. ಹಲವು ವರ್ಷಗಳ ಹೋಲಿಕೆಯ ಬಳಿಕ ತಾನು ಯುರೋಪಿನ ಉಕ್ಕಿಗಿಂತ ಭಾರತದ ಈ ಉಕ್ಕನ್ನೇ ಮೆಚ್ಚಿರುವುದಾಗಿ ಮುಂದೆ ತನ್ನ ಅಂಗಡಿಯ ಚೀಟಿಯಲ್ಲಿಯೇ ಅಚ್ಚು ಹಾಕಿಸಿದನು.

ಸ್ಟೊಡಾರ್ಟನ ಮಂದ ಬೆಂಕಿಯಲ್ಲಿಯೇ ಈ ಉಕ್ಕಿನ ಗುಟ್ಟು ಅಡಗಿತ್ತು. ಯುರೋಪಿನ ಕಮ್ಮಾರರಿಗೆ ಕಡಿಮೆ ಇಂಗಾಲದ ಕಬ್ಬಿಣವನ್ನು ಬೆಳ್ಳಗೆ ಕಾಯಿಸಿ ಬಡಿಯುವುದು ರೂಢಿ. ಆ ಲೋಹಕ್ಕೆ ಅದು ಸರಿಯಾದ ಹದ. ಅದೇ ಬಿಸಿಯನ್ನು ದಕ್ಷಿಣದ ಉಕ್ಕಿಗೆ ಕೊಟ್ಟರೆ ಅದರ ಕಣಗಳ ನಡುವಿನ ಭಾಗ ಮೊದಲು ಕರಗಿ, ಸುತ್ತಿಗೆಯ ಮೊದಲ ಪೆಟ್ಟಿಗೇ ಬಿಲ್ಲೆ ಪುಡಿಪುಡಿಯಾಗುತ್ತದೆ. ಲೋಹವೇ ಕೆಟ್ಟದ್ದೆಂದು ಹಲವರು ಅದನ್ನು ಕೈಬಿಟ್ಟರು. ಕೆಟ್ಟದ್ದು ಲೋಹವಲ್ಲ, ಅದಕ್ಕೆ ಸಲ್ಲದ ಬೆಂಕಿ.

ವಿಜ್ಞಾನಿಗಳ ಹುಡುಕಾಟ

ಮುಂದಿನ ದಶಕಗಳಲ್ಲಿ ಈ ಉಕ್ಕಿನ ರಹಸ್ಯವನ್ನು ಭೇದಿಸಲು ಯುರೋಪಿನ ಅನೇಕ ಮೇಧಾವಿಗಳು ಶ್ರಮಿಸಿದರು. 1805ರಲ್ಲಿ ಡೇವಿಡ್ ಮುಷೆಟ್ ಇದರಲ್ಲಿ ಇಂಗಾಲ ಹೆಚ್ಚಾಗಿದೆಯೆಂಬುದನ್ನು ಗುರುತಿಸಿದನು. ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದ ಮೈಕೆಲ್ ಫ್ಯಾರಡೆ, ವಿದ್ಯುತ್ತಿನ ಸಂಶೋಧನೆಗಳಿಂದ ಲೋಕಪ್ರಸಿದ್ಧನಾಗುವ ಮೊದಲು, ಇದೇ ಸ್ಟೊಡಾರ್ಟನ ಜೊತೆಗೂಡಿ ಉಕ್ಕಿನ ಮೇಲೆ ಪ್ರಯೋಗಗಳನ್ನು ನಡೆಸಿದನು. 1819ರಲ್ಲಿ ಅವನು ಪ್ರಕಟಿಸಿದ ವಿಶ್ಲೇಷಣೆಯು ಈ ಉಕ್ಕಿನ ಗುಣಕ್ಕೆ ಅಲ್ಯುಮಿನಿಯಮ್ಮಿನಂತಹ ಬೇರೆ ಧಾತುಗಳು ಕಾರಣವಿರಬೇಕೆಂದು ಊಹಿಸಿತು. ಆ ಊಹೆ ಸರಿಯಾಗಿರಲಿಲ್ಲ. ಆದರೆ ಆ ತಪ್ಪು ದಾರಿಯಲ್ಲಿಯೇ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಮೊದಲಾದವನ್ನು ಬೆರೆಸಿ ನೋಡುವ ಕೆಲಸ ಆರಂಭವಾಯಿತು. 1823ರಲ್ಲಿ ಸ್ಟೊಡಾರ್ಟ್ ತೀರಿಕೊಂಡ ಬಳಿಕ ಫ್ಯಾರಡೆ ಬೇಗನೆ ಈ ಕೆಲಸವನ್ನು ನಿಲ್ಲಿಸಿದನು. ಪ್ಯಾರಿಸಿನ ನಾಣ್ಯಶಾಲೆಯ ಬ್ರೆಯಾಂ ನೂರಾರು ಪ್ರಯೋಗಗಳ ಬಳಿಕ ಇಂಗಾಲವೇ ಇದರ ಮೂಲವೆಂದು ಸಾರಿದನು. ರಷ್ಯಾದ ಜ್ಲಾತೊಉಸ್ತ್ ನಗರದಲ್ಲಿ ಪಾವೆಲ್ ಅನೊಸೊವ್ ಇಂಥದೇ ಉಕ್ಕನ್ನು ಮಾಡಿ 1841ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು.

ಅತ್ತ ಪ್ರಯೋಗಶಾಲೆಗಳಲ್ಲಿ ಹುಡುಕಾಟ ನಡೆದಿದ್ದಾಗ, ಇತ್ತ ಮೂಲದ ಕುಲುಮೆಗಳು ಒಂದೊಂದಾಗಿ ಆರುತ್ತಿದ್ದವು. ಹಡಗಿನಲ್ಲಿ ಬಂದ ಇಂಗ್ಲೆಂಡಿನ ಕಬ್ಬಿಣ ಅಗ್ಗವಾಗಿತ್ತು. 1856ರಲ್ಲಿ ಹೆನ್ರಿ ಬೆಸೆಮರ್ ತನ್ನ ವಿಧಾನವನ್ನು ಪ್ರಕಟಿಸಿದ ಮೇಲೆ ಟನ್ನುಗಟ್ಟಲೆ ಉಕ್ಕು ಒಮ್ಮೆಗೇ ಕರಗತೊಡಗಿತು. ಒಂದು ಕಿಲೋ ಬಿಲ್ಲೆಗಾಗಿ ಗಂಟೆಗಟ್ಟಲೆ ತಿದಿ ಊದುವವನು ಅದರೆದುರು ನಿಲ್ಲುವುದು ಸಾಧ್ಯವಿರಲಿಲ್ಲ. ಕಾಡು ಕಡಿಮೆಯಾಗಿ ಇದ್ದಿಲೂ ದುಬಾರಿಯಾಯಿತು. ಉಕ್ಕುಗಾರನ ಮಗ ಬೇರೆ ದುಡಿಮೆಗೆ ಹೋದನು. ಹದವು ಕೈಯಲ್ಲಿದ್ದ ವಿದ್ಯೆಯಾದುದರಿಂದ, ಕೈ ನಿಂತಾಗ ವಿದ್ಯೆಯೂ ನಿಂತಿತು.

ಮರಳಿ ದೊರೆತ ಹದ

ಹಳೆಯ ಖಡ್ಗಗಳ ಮೈಮೇಲೆ ನೀರಿನ ಅಲೆಗಳಂತಹ ಗೆರೆಗಳು ಕಾಣುತ್ತವೆ. ಇವನ್ನು ಪಶ್ಚಿಮದವರು ಡಮಾಸ್ಕಸ್ ಅಲಗುಗಳೆಂದು ಕರೆದರು. ಇಲ್ಲಿ ಒಂದು ಭೇದವನ್ನು ಅರಿಯುವುದು ಅವಶ್ಯ. ಇಂದು ಮಾರುಕಟ್ಟೆಯಲ್ಲಿ 'ಡಮಾಸ್ಕಸ್' ಹೆಸರಿನಲ್ಲಿ ಸಿಗುವ ಅಡುಗೆ ಚಾಕುಗಳಲ್ಲಿ ಬಹುಪಾಲು ಎರಡು ಬಗೆಯ ಉಕ್ಕಿನ ಪದರಗಳನ್ನು ಬೆಸೆದು ಮಾಡಿದವು. ಅಮೆರಿಕದ ಬಿಲ್ ಮೊರಾನ್ 1973ರಲ್ಲಿ ಇಂಥ ಪದರದ ಚಾಕುಗಳನ್ನು ಪ್ರದರ್ಶಿಸಿದ ಬಳಿಕ ಕೈಕುಲುಮೆಯ ಚಾಕುಗಳಿಗೆ ಅಲ್ಲಿ ಹೊಸ ಗೌರವ ಬಂತು. ಆದರೆ ಮೂಸೆಯ ಉಕ್ಕಿನ ಗೆರೆಗಳು ಬೆಸುಗೆಯಿಂದ ಬಂದವಲ್ಲ. ಒಂದೇ ಬಿಲ್ಲೆಯೊಳಗಿನಿಂದ ಮೂಡಿದವು.

ಅವು ಹೇಗೆ ಮೂಡಿದವೆಂಬುದನ್ನು ತೋರಿಸಿಕೊಟ್ಟವರು ಇಬ್ಬರು. ಒಬ್ಬರು ಅಯೋವಾ ರಾಜ್ಯ ವಿಶ್ವವಿದ್ಯಾಲಯದ ಲೋಹವಿಜ್ಞಾನಿ ಜಾನ್ ವೆರ್ಹೂವನ್. ಇನ್ನೊಬ್ಬರು ಫ್ಲಾರಿಡಾದ ಆಲ್ಫ್ರೆಡ್ ಪೆಂಡ್ರೆ. ಕುದುರೆಗಳಿಗೆ ಲಾಳ ಕಟ್ಟುವ ಮತ್ತು ಚಾಕು ಮಾಡುವ ಕಮ್ಮಾರರು. ಒಬ್ಬರದು ಸೂಕ್ಷ್ಮದರ್ಶಕ, ಇನ್ನೊಬ್ಬರದು ಸುತ್ತಿಗೆ. ಇವರು ಮೂಸೆಯಲ್ಲಿ ಕಬ್ಬಿಣದೊಡನೆ ಇದ್ದಿಲು, ಗಾಜಿನ ಚೂರು, ಹಸಿರೆಲೆಗಳನ್ನು ಇಟ್ಟು ಬಿಲ್ಲೆಗಳನ್ನು ಮಾಡಿದರು. ಸ್ವಿಟ್ಜರ್ಲೆಂಡಿನ ಬರ್ನ್ ಸಂಗ್ರಹಾಲಯದ ಹಳೆಯ ಖಡ್ಗಗಳ ತುಣುಕುಗಳೊಡನೆ ಹೋಲಿಸಿ ನೋಡಿದರು. 1998ರಲ್ಲಿ ಪ್ರಕಟವಾದ ಅವರ ಪ್ರಬಂಧವು ತೋರಿಸಿದ್ದು ಇದು: ವೆನೇಡಿಯಂನಂತಹ ಧಾತು ಶೇಕಡಾ 0.03ಕ್ಕಿಂತಲೂ ಕಡಿಮೆ ಪ್ರಮಾಣದಲ್ಲಿ ಉಕ್ಕಿನಲ್ಲಿದ್ದರೂ, ಮಿತವಾದ ಬಿಸಿಯಲ್ಲಿ ಮತ್ತೆ ಮತ್ತೆ ಕಾಯಿಸಿ ಬಡಿದಾಗ, ಕಬ್ಬಿಣ ಮತ್ತು ಇಂಗಾಲ ಕೂಡಿದ ಗಟ್ಟಿ ಕಣಗಳು ಸಾಲುಸಾಲಾಗಿ ನಿಲ್ಲುತ್ತವೆ. ಆ ಸಾಲುಗಳೇ ಅಲೆಯ ಗೆರೆಗಳು. ಬಿಸಿ ಮಿತಿ ಮೀರಿದರೆ ಕಣಗಳು ಕರಗಿ ಗೆರೆ ಅಳಿಯುತ್ತದೆ. ಅದಿರಿನಲ್ಲಿ ಆ ಧಾತುವಿನ ಲೇಶವಿಲ್ಲದಿದ್ದರೆ ಎಷ್ಟು ಬಡಿದರೂ ಗೆರೆ ಮೂಡದು.

ಬುಕಾನನ್ ಕಂಡ ಎರಡು ಹಸಿರೆಲೆಗಳು ಹೀಗೆ ಸುಮಾರು ಇನ್ನೂರು ವರ್ಷಗಳ ಬಳಿಕ ಬೇರೊಂದು ಖಂಡದ ಮೂಸೆಯಲ್ಲಿ ಮತ್ತೆ ಕಾಣಿಸಿಕೊಂಡವು. ಪೆಂಡ್ರೆಯವರು 2017ರಲ್ಲಿ ನಿಧನರಾದರು. ಅವರ ದಾರಿಯಲ್ಲಿ ನಡೆದ ಹಲವು ದೇಶಗಳ ಕಮ್ಮಾರರು ಇಂದು ಮೂಸೆಯ ಉಕ್ಕಿನಿಂದ ಅಡುಗೆ ಚಾಕುಗಳನ್ನೂ ಮಾಡುತ್ತಿದ್ದಾರೆ. ಕರ್ನಾಟಕದಲ್ಲಿಯೂ ಈ ಪರಂಪರೆಯ ಅಧ್ಯಯನ ನಡೆದಿದ್ದು, ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರು ವೂಟ್ಸ್ ಉಕ್ಕಿನ ಬಗ್ಗೆ ಬರೆದ ಗ್ರಂಥ 2004ರಲ್ಲಿ ಬೆಂಗಳೂರಿನಿಂದ ಪ್ರಕಟವಾಯಿತು.

ಅಡುಗೆಯ ಅಲಗು

ಮೂಸೆಯ ಬಿಲ್ಲೆಯಾಗಲಿ, ಕಾರ್ಖಾನೆಯ ಉಕ್ಕಿನ ಪಟ್ಟಿಯಾಗಲಿ, ಅದು ಅಡುಗೆಯ ಅಲಗಾಗುವ ದಾರಿ ಹೆಚ್ಚುಕಡಿಮೆ ಒಂದೇ. ಕಮ್ಮಾರನು ಮೊದಲು ಕೇಳುವುದು ಹಿಡಿಯುವವರ ಕೈಯನ್ನು: ಬಲಗೈಯೋ ಎಡಗೈಯೋ, ಅಂಗೈ ಎಷ್ಟು ಅಗಲ, ಹೆಚ್ಚುವುದು ಸೊಪ್ಪನ್ನೋ ಕುಂಬಳವನ್ನೋ. ಸೊಪ್ಪಿಗೆ ತೆಳುವಾದ ಅಲಗು ಬೇಕು. ಕುಂಬಳದ ಸಿಪ್ಪೆಗೆ ಬೆನ್ನು ಗಟ್ಟಿಯಾಗಿರಬೇಕು. ಬಳಿಕ ಉಕ್ಕನ್ನು ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಬಡಿದು, ಉದ್ದಕ್ಕೆ ಎಳೆಯುತ್ತಾನೆ. ಮೂಸೆಯ ಉಕ್ಕಾದರೆ ಒಂದೊಂದು ಕಾವಿಗೆ ಅದು ಸರಿಯುವುದು ಎಳ್ಳಿನಷ್ಟು. ಹತ್ತಾರು ಸಲ ಕಾಯಿಸಬೇಕು. ಬೇಸರಗೊಂಡು ಬೆಂಕಿಯನ್ನು ಹೆಚ್ಚಿಸಿದರೆ ಅದುವರೆಗಿನ ದುಡಿಮೆಯೆಲ್ಲ ಒಂದೇ ಪೆಟ್ಟಿಗೆ ಹೋಗುತ್ತದೆ.

ಆಕಾರ ಬಂದ ಅಲಗನ್ನು ಚೆರ್ರಿ ಹಣ್ಣಿನಂತೆ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆ ಕ್ಷಣದಲ್ಲಿ ಉಕ್ಕು ಅತ್ಯಂತ ಗಟ್ಟಿಯಾಗುತ್ತದೆ. ಆದರೆ ಗಾಜಿನಂತೆ ಬಿದ್ದರೆ ಒಡೆಯುತ್ತದೆ. ಕಾಠಿಣ್ಯವೊಂದೇ ಗುಣವಲ್ಲವೆಂಬುದನ್ನು ಕಮ್ಮಾರನು ಬಲ್ಲನು. ಆದುದರಿಂದ ಅದನ್ನು ಮತ್ತೆ ಸುಮಾರು 200 ಡಿಗ್ರಿಯ ಮಂದ ಕಾವಿನಲ್ಲಿಡುತ್ತಾನೆ. ಉಜ್ಜಿ ಹೊಳಪಿಸಿದ ಮೈಮೇಲೆ ಮೊದಲು ಒಣಹುಲ್ಲಿನ ಹಳದಿ ಬಣ್ಣ, ಬಳಿಕ ಕಂದು, ನೇರಳೆ, ನೀಲಿ ಬಣ್ಣಗಳು ಮೂಡುತ್ತವೆ. ನೀಲಿ ಸ್ಪ್ರಿಂಗಿನ ಹದ. ಅಡುಗೆ ಚಾಕಿಗೆ ಹಳದಿಯಲ್ಲಿಯೇ ನಿಲ್ಲಿಸಬೇಕು. ತುಸು ಗಡಸುತನವನ್ನು ಬಿಟ್ಟುಕೊಟ್ಟಾಗ ತಾಳಿಕೆ ದೊರೆಯುತ್ತದೆ. ಕಡೆಗೆ ಸಾಣೆ, ಹಿಡಿ. ಇಂಥ ಅಲಗು ತುಕ್ಕು ಹಿಡಿಯುವುದರಿಂದ ನಿಂಬೆ, ಹುಣಿಸೆ ಸೋಕಿದೊಡನೆ ತೊಳೆದು, ಒರೆಸಿ, ಒಣಗಿಸಿಡಬೇಕು. ಬಳಸುವವರೂ ಹದವರಿತು ನಡೆದುಕೊಳ್ಳಬೇಕೆಂದು ಅದು ಬಯಸುತ್ತದೆ.

ಕನ್ನಡನಾಡಿನ ಅಡುಗೆಮನೆಯಲ್ಲಿ ಬಹುಕಾಲ ಈ ಸ್ಥಾನದಲ್ಲಿದ್ದುದು ಈಳಿಗೆಮಣೆ. ಚಾಕು ಚಲಿಸುತ್ತದೆ, ಕಾಯಿ ನಿಂತಿರುತ್ತದೆ. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ಕಾಯಿ ಅದರತ್ತ ಬರುತ್ತದೆ. ಅದನ್ನು ಮಾಡಿಕೊಡುತ್ತಿದ್ದವನು ಊರಿನ ಕಮ್ಮಾರ. ಆಯಗಾರರಲ್ಲಿ ಒಬ್ಬನಾದ ಅವನಿಗೆ ಸುಗ್ಗಿಯಲ್ಲಿ ಕಣದಿಂದ ಕಾಳಿನ ಪಾಲು ಸಲ್ಲುತ್ತಿತ್ತು. ನೇಗಿಲಿನ ಗುಳವನ್ನೂ ಈಳಿಗೆಯ ಅಲಗನ್ನೂ ತಟ್ಟುತ್ತಿದ್ದುದು ಅದೇ ಕೈ. ಅನ್ನ ಬೆಳೆಯುವಲ್ಲಿ ಅವನಿದ್ದನು, ಅನ್ನ ಅಡುಗೆಯಾಗುವಲ್ಲಿಯೂ ಅವನಿದ್ದನು.

ಹೆಸರಿಲ್ಲದ ಕೈಗಳು

ಪಿಯರ್ಸನ್ನನ ಪ್ರಬಂಧದಲ್ಲಿ ಬಿಲ್ಲೆಯ ಅಗಲ, ದಪ್ಪ, ತೂಕಗಳೆಲ್ಲ ಇವೆ. ಕಳುಹಿಸಿದವನ ಹೆಸರಿದೆ, ಪಡೆದವನ ಹೆಸರಿದೆ, ಚಾಕು ಮಾಡಿದವನ ಹೆಸರಿದೆ. ಆ ಉಕ್ಕನ್ನು ಮೂಸೆಯಲ್ಲಿ ಕರಗಿಸಿದವನ ಹೆಸರು ಮಾತ್ರ ಇಲ್ಲ. ಅವನ ಭಾಷೆಯ ಒಂದು ಪದ, ಅದೂ ಗುರುತು ಸಿಗದಷ್ಟು ಕೆಟ್ಟು, ಅವನ ಪರವಾಗಿ ಅಲ್ಲಿ ಉಳಿದಿದೆ. 1993ರಲ್ಲಿ ವೆರ್ಹೂವನ್ ಮತ್ತು ಪೆಂಡ್ರೆಯವರಿಗೆ ಇಂಥ ಅಲಗು ಮಾಡುವ ವಿಧಾನಕ್ಕೆ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಅವರ ಶ್ರಮ ನಿಜವಾದುದೇ. ಆದರೆ ಆ ವಿಧಾನದ ಮೊದಲ ಒಡೆಯರನ್ನು ಹೆಸರಿಸಲು ಯಾವ ದಾಖಲೆಗೂ ಸಾಧ್ಯವಾಗಿಲ್ಲ.

ಈ ಹಿನ್ನೆಲೆಯಲ್ಲಿ ಹನ್ನೊಂದು, ಹನ್ನೆರಡನೆಯ ಶತಮಾನಗಳ ಒಂದು ಸಂಗತಿಯ ಬೆಲೆ ಹೆಚ್ಚು ಸ್ಪಷ್ಟವಾಗುತ್ತದೆ. ಜೇಡರ ದಾಸಿಮಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ ಎಂಬ ಹೆಸರುಗಳಲ್ಲಿ ಕಸುಬು ಮುಂದೆ ನಿಂತಿದೆ, ವ್ಯಕ್ತಿಯ ಹೆಸರು ಅದಕ್ಕೆ ಅಂಟಿಕೊಂಡೇ ಉಳಿದಿದೆ. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ವಚನಗಳ ಅಂಕಿತವಾಗಿರಿಸಿಕೊಂಡನು. ನೇಯುವವನ, ಬುಟ್ಟಿ ಹೆಣೆಯುವವನ, ದೋಣಿ ನಡೆಸುವವನ ಅನುಭವ ಬರಹದಲ್ಲಿ ನಿಂತದ್ದರಿಂದಲೇ ಎಂಟುನೂರು ವರ್ಷಗಳ ಬಳಿಕವೂ ಅವರ ಮಾತು ಕೇಳಿಸುತ್ತದೆ. ಮಧುಗಿರಿಯ ಸುತ್ತಲಿನ ಉಕ್ಕುಗಾರನಿಗೂ ಹೇಳಲು ಮಾತಿದ್ದಿರಲೇಬೇಕು. ಅದನ್ನು ಕೇಳಿ ಬರೆದಿಟ್ಟವರಿರಲಿಲ್ಲ. ಕಾಯಕವು ಉಳಿಯಬೇಕಾದರೆ ಅದರ ಫಲವನ್ನು ಕೊಂಡರೆ ಸಾಲದು. ಕಾಯಕ ಮಾಡುವವನನ್ನೂ ಅರಿಯಬೇಕೆಂಬುದು ಉಕ್ಕಿನ ಈ ಚರಿತ್ರೆ ಕಲಿಸುವ ಪಾಠ.

ಬಯಲುಸೀಮೆಯ ಕೆಲವು ಊರುಗಳ ಸಂತೆಗಳಲ್ಲಿ ಈಗಲೂ ಇದ್ದಿಲು, ತಿದಿಗಳೊಡನೆ ಕುಳಿತು ಕುಡುಗೋಲು, ಈಳಿಗೆಗಳನ್ನು ತಟ್ಟಿಕೊಡುವ ಕಮ್ಮಾರರು ಇದ್ದಾರೆ. ಮಂದ ಕೆಂಪಿಗೂ ಕಿತ್ತಳೆಗೂ ಇರುವ ಅಂತರವನ್ನು ಅವರ ಕಣ್ಣು ಇಂದಿಗೂ ಬಲ್ಲದು. ಅವರಲ್ಲಿ ಈಳಿಗೆ ಹರಿತ ಮಾಡಿಸಲು ಹೋದವರು ಹಣ ಕೊಟ್ಟು ಬರುವ ಮೊದಲು ಅವರ ಹೆಸರನ್ನು ಕೇಳಬಹುದು, ಬೆಂಕಿಯ ಬಣ್ಣವನ್ನು ಯಾರಿಂದ ಕಲಿತರೆಂದು ವಿಚಾರಿಸಬಹುದು. ಜೊತೆಯಲ್ಲಿ ಒಂದು ಮಗುವಿದ್ದರೆ ತುಸು ಹೊತ್ತು ಕುಲುಮೆಯ ಬಳಿ ನಿಂತು ನೋಡಲು ಬಿಡಬಹುದು. ಹದವು ಒಂದು ಕೈಯಿಂದ ಇನ್ನೊಂದು ಕೈಗೆ ಬಂದದ್ದು ಹಾಗೆಯೇ.